ಸ್ನಾನಕ್ಕೆ ಹೋದವರು

“ಅದನ್ನ ಮುಟ್ಬೇಡಿ ಮಾವ. ಅಲ್ಲೇ ಇರ್ಲಿ.”

ಸ್ಟೂಲು ಹತ್ತಿ ನಿಂತು ಗೋಡೆಯ ಮೊಳೆಯಿಂದ ಬಟ್ಟೆಗಂಟನ್ನು ಬಿಡಿಸುತ್ತಿದ್ದ ಸೋದರಮಾವ ಎತ್ತಿದ ಕೈ ಎತ್ತಿದಂತೆಯೇ ತಿರುಗಿ ನೋಡಿದರು. ಎಪ್ಪತ್ತು ದಾಟಿದ ಜೀವ, ಮಂಡಿ ನೋವು ಬೇರೆ. ಹತ್ತಿದ್ದೇ ದೊಡ್ಡದು, ಈಗ ಬರಿಗೈಲಿ ಇಳಿ ಎಂದರೆ ಯಾರಿಗಾದರೂ ಸಿಟ್ಟು ಬಾರದೇ ಇರುತ್ತದೆಯೇ.

“ಯಾಕೋ? ಇನ್ಯಾರಿಗೆ ಅಂತ ಇಟ್ಕೋತೀಯ? ಮೂವತ್ತೆಂಟು ವರ್ಷ ಕಾದಳು ಪಾಪ. ಅವನ ಹೆಣಾನೂ ಸಿಗ್ಲಿಲ್ಲ. ಬಟ್ಟೆನಾದ್ರೂ ಅವಳ ಜೊತೆ ಹೋಗ್ಲಿ.”

ಗೋಡೆಗೊರಗಿ ಕೂತಿದ್ದ ಹೆಂಗಸರು ಹೌದೆಂದು ತಲೆಯಾಡಿಸಿದರು. ನಡುಮನೆಯಲ್ಲಿ ಚಾಪೆಯ ಮೇಲೆ ಅಮ್ಮ ಮಲಗಿದ್ದಳು. ನಿನ್ನೆ ಬೆಳಿಗ್ಗೆವರೆಗೂ ಕೆಮ್ಮುತ್ತಿದ್ದ ಎದೆ ಈಗ ಸುಮ್ಮನಿತ್ತು. ಒದ್ದೆ ಕಲ್ಲಿನ ಮೇಲೆ ಕೂತೂ ಕೂತೂ ಹಿಡಿದ ಕೆಮ್ಮು ಅದು. ಬೇಡ ಬೇಡ ಎಂದರೂ ಹೋದ ವಾರದವರೆಗೂ ನದಿಯ ಮೆಟ್ಟಿಲಿಗೆ ಹೋಗಿದ್ದಳು.

“ಬೇಡ ಅಂದ್ರೆ ಬೇಡ,” ಎಂದ ಮಗ. ಯಾಕೆ ಬೇಡ ಎಂದು ಮಾತ್ರ ಹೇಳಲಿಲ್ಲ.

ಹೇಳುವುದಾದರೂ ಏನನ್ನು? ಆ ಬಟ್ಟೆ ತೊಟ್ಟಿದ್ದವನು ನೀರಿಗೆ ಬಿದ್ದು ಸತ್ತಿಲ್ಲ, ಬಸ್ಸಿನಲ್ಲಿ ಆರು ಗಂಟೆ ದಾರಿಯ ಇನ್ನೊಂದು ಊರಿನಲ್ಲಿ ಚೆನ್ನಾಗಿಯೇ ಇದ್ದಾನೆ, ಹೋದ ತಿಂಗಳು ಕೂಡ ನಾನು ಕಣ್ಣಾರೆ ನೋಡಿದೆ ಎಂದೇ? ಹೆಣದ ಮುಂದೆ ನಿಂತು ಹೇಳುವ ಮಾತೇ ಅದು? ಹನ್ನೊಂದು ವರ್ಷದಿಂದ ಅಮ್ಮನಿಗೇ ಹೇಳದೆ ನುಂಗಿಕೊಂಡದ್ದನ್ನು ಇವರೆಲ್ಲರ ಮುಂದೆ ಕಾರಿಕೊಳ್ಳಲು ಅವನಿಗೆ ಬಾಯಿ ಬರಲಿಲ್ಲ. ಹಾಗಂತ, ಬದುಕಿರುವವನ ಬಟ್ಟೆಯನ್ನು ಸತ್ತವನದೆಂದು ಅಮ್ಮನ ಎದೆಯ ಮೇಲಿಟ್ಟು ಸುಡಲು ಕೈಯೂ ಬರಲಿಲ್ಲ.

ಮಾವ ಗೊಣಗುತ್ತಾ ಇಳಿದರು. ಗಂಟನ್ನು ಮಗನೇ ಬಿಡಿಸಿ, ಯಾರ ಕೈಗೂ ಸಿಗದಿರಲೆಂದು ಕಂಕುಳಲ್ಲಿ ಇಟ್ಟುಕೊಂಡ.

ಊರಿನವರು ಅಮ್ಮನನ್ನು ಕರೆಯುತ್ತಿದ್ದದ್ದೇ ಗಂಟಮ್ಮ ಎಂದು. ಹೇಳಿಕೇಳಿ ಯಾತ್ರೆಯ ಊರು. ಪುಣ್ಯನದಿಯಲ್ಲಿ ಮುಳುಗೆದ್ದು ಹೋಗಲು ದಿನಕ್ಕೆ ಸಾವಿರ ಜನ ಬರುತ್ತಾರೆ. ಮುಳುಗುವವರ ಬಟ್ಟೆಬರೆ ಕಾಯುವುದು ಅವಳ ಕೆಲಸ. ಚೀಟಿ ಇಲ್ಲ, ನಂಬರ್ ಇಲ್ಲ. ಯಾರು ಬಂದರೂ ಮೊದಲ ಮಾತು, “ಚಪ್ಪಲಿ ಬಿಡಿ.” ಚಪ್ಪಲಿ ಕೆಳಗೆ, ಅದರ ಮೇಲೆ ಬಟ್ಟೆಯ ಗಂಟು. “ಮುಖ ಮರೆತುಹೋಗುತ್ತೆ ಕಣಪ್ಪ, ಚಪ್ಪಲಿ ಮರೆಯಲ್ಲ. ಚಪ್ಪಲಿ ಯಾರದೋ ಗಂಟು ಅವರದು,” ಎನ್ನುತ್ತಿದ್ದಳು. ಒಂದು ಗಂಟೂ ಅದಲುಬದಲಾದದ್ದಿಲ್ಲ. ಜನ ನೀರಿನಲ್ಲಿರುವಾಗ ಅವರ ಚಪ್ಪಲಿಗಳನ್ನೆಲ್ಲ ಊರ ಕಡೆ ಮುಖಮಾಡಿ ತಿರುಗಿಸಿಡುತ್ತಿದ್ದಳು. ನಡುಗುತ್ತಾ ಮೇಲೆ ಬಂದವರು ಬಗ್ಗದೆ, ತಿರುಗದೆ, ನೆಟ್ಟಗೆ ಕಾಲು ತೂರಿಸಿ ಹೊರಡಬಹುದಿತ್ತು.

ಮನೆಗೆ ಬಂದ ಜನಗಣತಿಯವರು, ಆಸ್ಪತ್ರೆಯವರು, ಶಾಲೆಯ ಮೇಷ್ಟ್ರು ಯಾರೇ ಗಂಡನ ವಿಷಯ ಕೇಳಲಿ, ಅವಳದು ಒಂದೇ ಉತ್ತರ: “ಸ್ನಾನಕ್ಕೆ ಹೋಗಿದ್ದಾರೆ.” ಕೇಳಿದವರು ಪೆನ್ನು ಎತ್ತಿಕೊಂಡು ಅವಳ ಮುಖ ನೋಡುತ್ತಿದ್ದರು. ಆಮೇಲೆ ಪಕ್ಕದ ಮನೆಯವರು ಯಾರಾದರೂ ಅವರನ್ನು ಹೊರಗೆ ಕರೆದು ತಲೆಯ ಹತ್ತಿರ ಬೆರಳು ತಿರುಗಿಸಿ ತೋರಿಸುತ್ತಿದ್ದರು. ಮಗ ಚಿಕ್ಕವನಿದ್ದಾಗಿನಿಂದ ಆ ಬೆರಳನ್ನು ನೋಡುತ್ತಲೇ ಬೆಳೆದಿದ್ದ.

*

ಆಗ ಅವನಿಗೆ ಆರು ವರ್ಷ. ಬೆಳಿಗ್ಗೆ ಅಪ್ಪ ಅವನ ಕೈ ಹಿಡಿದು ಮೆಟ್ಟಿಲಿಗೆ ಕರೆದುಕೊಂಡು ಬಂದ. ಅಲ್ಲಿನ ಹಳೆಯ ಶಾಸನದ ಕಲ್ಲಿನ ಪಕ್ಕ ನಿಂತು ಅಂಗಿ ಬಿಚ್ಚಿ ಮಡಚಿದ. ಕಾಲರ್ ಒಳಗೆ, ಎರಡೂ ತೋಳು ಹಿಂದಕ್ಕೆ ಕತ್ತರಿ ಹಾಕಿದ ಹಾಗೆ, ಕೊನೆಗೆ ಮೇಲಿಂದ ಎರಡು ತಟ್ಟು. ಪ್ಯಾಂಟು ಅದರ ಕೆಳಗೆ, ಕೈಗಡಿಯಾರ ಅದರ ಮೇಲೆ. ಭುಜದಲ್ಲಿದ್ದ ಚೀಲವನ್ನು ಮಾತ್ರ ಇಳಿಸಲಿಲ್ಲ.

“ಕೂತ್ಕೋ ಮರಿ. ಸ್ನಾನ ಮಾಡಿ ಬರ್ತೀನಿ. ಬಟ್ಟೆ ಮೇಲಿಂದ ಕಣ್ಣು ತೆಗೀಬೇಡ, ಕಳ್ಳರಿದಾರೆ. ಜಾಣ ಅಲ್ವಾ ನೀನು?”

ಜಾಣ ಕಣ್ಣು ತೆಗೆಯಲಿಲ್ಲ. ಅದೇ ತಪ್ಪಾದದ್ದು. ಬಟ್ಟೆಯನ್ನು ನೋಡುತ್ತಾ ಕೂತವನು ಅಪ್ಪ ಯಾವ ಕಡೆ ಹೋದ ಎಂದು ನೋಡಲೇ ಇಲ್ಲ. ಬಿಸಿಲು ಏರಿತು, ಇಳಿಯಿತು. ಅಂಗಿಯ ಒಂದೊಂದು ಗೆರೆಯೂ ಅವನಿಗೆ ಬಾಯಿಪಾಠವಾಗುವಷ್ಟು ಹೊತ್ತಾಯಿತು.

ಹುಡುಕಿಕೊಂಡು ಓಡಿ ಬಂದ ಅಮ್ಮ ಮೊದಲು ನದಿಯನ್ನು ನೋಡಿದಳು, ಆಮೇಲೆ ಬಟ್ಟೆಯನ್ನು ನೋಡಿದಳು. ದೋಣಿಯವರು ಆಗಲೇ ಗಳ ಹಾಕಿ ಹುಡುಕುತ್ತಿದ್ದರು.

“ಚಪ್ಪಲಿ ಎಲ್ಲಿ ಮರಿ? ಅಪ್ಪನ ಚಪ್ಪಲಿ?”

ಅವನು ಸುತ್ತ ನೋಡಿದ. ಚಪ್ಪಲಿ ಇರಲಿಲ್ಲ. ತಾನು ಕಾಯುತ್ತಿದ್ದಂತೆಯೇ ಯಾರೋ ಹೊಡೆದುಕೊಂಡು ಹೋಗಿದ್ದಾರೆಂದು ಅವನಿಗೆ ಆಗ ಅಳು ಒತ್ತರಿಸಿ ಬಂತು. “ನಾನು ನೋಡ್ತಾನೇ ಇದ್ದೆ ಅಮ್ಮ. ನಾನು ಕಣ್ಣು ತೆಗೀಲೇ ಇಲ್ಲ.”

ಅಮ್ಮ ತುಂಬ ಹೊತ್ತು ಅವನ ಮುಖವನ್ನೇ ನೋಡಿದಳು. “ಹೋಗ್ಲಿ ಬಿಡು,” ಎಂದಳು ಆಮೇಲೆ. “ನೀರು ಎಳ್ಕೊಂಡು ಹೋಗಿರುತ್ತೆ. ನಿನ್ನ ತಪ್ಪಲ್ಲ.” ಅದಾದ ಮೇಲೆ ಒಂದು ದಿನವೂ ಅವಳು ಆ ಚಪ್ಪಲಿಯ ಮಾತೆತ್ತಲಿಲ್ಲ.

ಅವನು ಮಾತ್ರ ಜಗ್ಗಲಿಲ್ಲ. ಅಪ್ಪ ಕಾಯಲು ಹೇಳಿದ್ದಾರೆ, ಬರುವವರೆಗೆ ಏಳುವುದಿಲ್ಲ ಎಂದು ಹಟ ಹಿಡಿದ. ಎತ್ತಿಕೊಂಡು ಹೋದರೆ ಉಸಿರು ಕಟ್ಟುವ ಹಾಗೆ ಕಿರುಚಿ ಓಡಿ ಬಂದು ಅಲ್ಲೇ ಕೂರುತ್ತಿದ್ದ. ಅಮ್ಮ ಏನು ಮಾಡಿಯಾಳು, ಅವನ ಪಕ್ಕ ತಾನೂ ಕೂತಳು. ಮೂರನೆಯ ದಿನ ಯಾರೋ ಯಾತ್ರಿಕರು, ಬಟ್ಟೆ ಮುಂದಿಟ್ಟುಕೊಂಡು ಕೂತ ತಾಯಿಮಗನನ್ನು ಕಾವಲಿನವರೆಂದುಕೊಂಡು, “ಇದನ್ನೂ ಸ್ವಲ್ಪ ನೋಡ್ಕೊಳ್ಳಮ್ಮ” ಎಂದು ತಮ್ಮ ಗಂಟನ್ನೂ ಇಟ್ಟು ನೀರಿಗಿಳಿದರು. ಮೇಲೆ ಬಂದು ಎರಡು ಕಾಸು ಕೊಟ್ಟರು. ಆ ಸಂಜೆ ನಿದ್ದೆ ಹೋದ ಅವನನ್ನು ಅಮ್ಮ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದಳು. ಅವನ ಪುಟ್ಟ ಚಪ್ಪಲಿಯೂ ಆ ಗಡಿಬಿಡಿಯಲ್ಲಿ ಎಲ್ಲೋ ಕಳೆದುಹೋಯಿತು. ಮರುದಿನ ಬೆಳಿಗ್ಗೆ ತಾಯಿಮಗ ಮತ್ತೆ ಹೋಗಿ ಕೂತರು.

*

ಸುಡುವ ಜಾಗ ಸ್ನಾನದ ಮೆಟ್ಟಿಲಿನಿಂದ ಕೂಗಳತೆ. ಬಾಗಿಲಲ್ಲೇ ಒಂದು ಕೋಣೆ, ಅದರಲ್ಲಿ ಒಂದು ಮೇಜು, ಮೇಜಿನ ಹಿಂದೆ ಗುಮಾಸ್ತ. ಅವನು ಕನ್ನಡಕವನ್ನು ಹಣೆಗೇರಿಸಿ ಫಾರಂ ತುಂಬುತ್ತಿದ್ದ.

“ವಯಸ್ಸು?”

“ಅರವತ್ತಾರು.”

“ಕಾಯಿಲೆ?”

“ಎದೆ. ಕೆಮ್ಮು.”

“ಗಂಡ ಇದ್ದಾರಾ, ಇಲ್ವಾ?”

“ಇಲ್ಲ, ತೀರ್ಕೊಂಡು ಮೂವತ್ತೆಂಟು ವರ್ಷ,” ಎಂದರು ಮಾವ.

“ಸತ್ತ ದಾಖಲೆ ಇದ್ಯಾ?”

ಮಾವ ಅಳಿಯನ ಮುಖ ನೋಡಿದರು. ದಾಖಲೆ ಎಲ್ಲಿಂದ ಬರಬೇಕು? ಅದಕ್ಕಾಗಿ ಓಡಾಡಲು ಅಮ್ಮ ಯಾರನ್ನೂ ಬಿಟ್ಟಿರಲಿಲ್ಲ.

“ಅದೊಂದನ್ನ ಖಾಲಿ ಬಿಡಿ. ಆಮೇಲೆ ಬಂದು ಹೇಳ್ತೀನಿ,” ಎಂದ ಮಗ.

“ಆಮೇಲೆ ಹೇಳೋಕೆ ಅದೇನು ಲೆಕ್ಕಾನಾ? ಇದ್ರೆ ಇದ್ದಾರೆ, ಇಲ್ದಿದ್ರೆ ಇಲ್ಲ,” ಎಂದ ಗುಮಾಸ್ತ. ಆದರೂ ಒಳ್ಳೆಯವನು, ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟು ಒಳಗೆ ಬಿಟ್ಟ.

ಮಗ ಅಮ್ಮನ ಕಾಲ ಬಳಿ ನಿಂತ. ಒದ್ದೆಯಲ್ಲಿ ನೆನೆದು ನೆನೆದು ಹಿಮ್ಮಡಿ ಬಿರುಕು ಬಿಟ್ಟಿತ್ತು. ಒಂದೇ ಒಂದು ಮಾತು ಹೇಳಿದ್ದರೆ ಈ ಕಾಲು ಹನ್ನೊಂದು ವರ್ಷ ಬೆಚ್ಚಗೆ ಮನೆಯಲ್ಲಿರುತ್ತಿತ್ತು ಎಂದುಕೊಂಡ. ಆಮೇಲೆ ಬೆಂಕಿ ಇಟ್ಟ.

*

ಹನ್ನೊಂದು ವರ್ಷದ ಹಿಂದೆ ಅವನು ಯಾತ್ರೆಯ ಬಸ್ಸು ಓಡಿಸುತ್ತಾ ಆ ಊರಿಗೆ ಮೊದಲ ಸಲ ಹೋಗಿದ್ದ. ಜನ ಊಟಕ್ಕೆ ಇಳಿದಿದ್ದರು. ಎದುರಿನ ಸಾಲಿನಲ್ಲಿ ಒಂದು ಇಸ್ತ್ರಿ ಅಂಗಡಿ. ಸ್ಟೀರಿಂಗಿಗೆ ಗಲ್ಲ ಊರಿ ಸುಮ್ಮನೆ ನೋಡುತ್ತಿದ್ದ. ಮುದುಕನೊಬ್ಬ ಅಂಗಿಯೊಂದನ್ನು ಮಡಚುತ್ತಿದ್ದ. ಕಾಲರ್ ಒಳಗೆ, ಎರಡೂ ತೋಳು ಹಿಂದಕ್ಕೆ, ಮೇಲಿಂದ ಎರಡು ತಟ್ಟು.

ಇಳಿದು ರಸ್ತೆ ದಾಟಿದ. ಮುದುಕ ತಲೆಯೆತ್ತಿ ನೋಡಿ, ಇಸ್ತ್ರಿಪೆಟ್ಟಿಗೆಯನ್ನು ನಿಧಾನ ಪಕ್ಕಕ್ಕಿಟ್ಟ. ಹೆಸರು ಕೇಳುವ ಅಗತ್ಯ ಇಬ್ಬರಿಗೂ ಬೀಳಲಿಲ್ಲ. ಮಗನ ಕಿವಿಯೂ ಮೂಗೂ ಆ ಮುಖದಿಂದ ಎತ್ತಿಟ್ಟ ಹಾಗೆಯೇ ಇದ್ದವು.

“ಅಮ್ಮ ಇದಾಳಾ?” ಎಂದ ಮುದುಕ.

“ಇದಾಳೆ. ನಿಮ್ಮ ಬಟ್ಟೆ ಕಾಯ್ತಾ ಇದಾಳೆ.”

ಒಳಗಿನಿಂದ ಇಪ್ಪತ್ತರ ಒಬ್ಬಳು ಹುಡುಗಿ ಬಂದು, “ಅಪ್ಪ, ಟೀ ಆರ್ತಾ ಇದೆ” ಎಂದು ಲೋಟ ಇಟ್ಟು ಹೋದಳು.

“ಅಮ್ಮಂಗೆ ಹೇಳ್ಬೇಡಪ್ಪ,” ಎಂದ ಮುದುಕ. “ನೀರಿಗೆ ಹೋದೆ ಅಂತಾನೇ ಇರ್ಲಿ. ಅವಳಿಗೂ ಅದೇ ಗೌರವ.”

ಕೈ ಎತ್ತಿ ಹೊಡೆಯಬೇಕೆನಿಸಿತು. ಹೊಡೆಯಲಿಲ್ಲ. ಆ ಮಾತು ನಿಜವೇ ಇರಬಹುದು ಎನಿಸಿದ್ದು ಇನ್ನೂ ನೋವಿನ ಸಂಗತಿ. ಸತ್ತವನಿಗಾಗಿ ಕಾದವಳು ಎಂದರೆ ಊರು ಕೈಮುಗಿದೀತು. ಬಿಟ್ಟುಹೋದವನಿಗಾಗಿ ಕಾದವಳು ಎಂದರೆ ನಕ್ಕೀತು. ಅವಳಾದರೂ ಹೇಗೆ ತಡೆದುಕೊಂಡಾಳು, ಎದೆ ಒಡೆದುಕೊಂಡೇ ಹೋದಾಳು ಎಂದು ಹೆದರಿದ. ಆರು ಗಂಟೆ ದಾರಿ ಬಸ್ಸು ಹೇಗೆ ಓಡಿಸಿಕೊಂಡು ಬಂದನೋ ದೇವರಿಗೇ ಗೊತ್ತು.

“ಮುಖ ಯಾಕೋ ಹೀಗಿದೆ?” ಎಂದು ಕೇಳಿದಳು ಅಮ್ಮ. “ದಾರೀಲಿ ಯಾರಾದ್ರೂ ಸಿಕ್ಕಿದ್ರಾ?”

“ಯಾರು ಸಿಗ್ತಾರೆ? ಬಿಸಿಲು, ಅಷ್ಟೇ.”

ಅಮ್ಮ ಮತ್ತೇನೂ ಕೇಳದೆ ಬಿಸಿನೀರು ಇಡಲು ಹೋದಳು. ವಾರ ಕಳೆದ ಮೇಲೆ ತಡೆಯಲಾರದೆ, “ಸಾಕಮ್ಮ, ಇನ್ನು ಮೆಟ್ಟಿಲಿಗೆ ಹೋಗ್ಬೇಡ. ನಾನು ದುಡೀತಿಲ್ವಾ?” ಎಂದ.

ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟು, “ಇನ್ನು ಕಾಯೋದು ಬೇಡ ಅಂತ ನೀನು ಹೇಳು. ನಾಳೆಯಿಂದ್ಲೇ ಬಿಡ್ತೀನಿ,” ಎಂದಳು.

ಹೇಳಬೇಕಿತ್ತು. ನಾಲಿಗೆ ತುದಿಗೆ ಬಂದದ್ದನ್ನು ಅವನು ಉಗುಳು ನುಂಗಿದಂತೆ ನುಂಗಿದ. “ಇರ್ಲಿ ಬಿಡು. ನಿನ್ನಿಷ್ಟ.”

“ಹಾಗಾದ್ರೆ ಹೋಗ್ತೀನಿ,” ಎಂದು ಅವಳು ಕೊಡೆ ತೆಗೆದುಕೊಂಡು ಹೊರಟಳು.

*

ಬೆಂಕಿ ಹಿಡಿದ ಮೇಲೆ ಬಂದವರಿಗೆ ಮಾಡಲು ಕೆಲಸವಿಲ್ಲ. ಎಲ್ಲರೂ ಮರದ ನೆರಳಿನಲ್ಲಿ ಕೂತರು. ಮಾವ ಮಂಡಿ ನೀವಿಕೊಳ್ಳುತ್ತಿದ್ದರು, ಅವರ ಪಕ್ಕ ಮಗನ ಹೆಂಡತಿ ಕೂತಿದ್ದಳು. ಮೆಟ್ಟಿಲ ಮೇಲೆ ಹೂವು ಮಾರುವ ಹೂವಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಇಪ್ಪತ್ತು ವರ್ಷ ಅಮ್ಮನ ಪಕ್ಕದಲ್ಲೇ ಅಂಗಡಿ ಇಟ್ಟವಳು. ಯಾತ್ರಿಕರಿಗೆ ಊರು ತೋರಿಸುವ ಗೈಡ್ ಕೂಡ ಬಂದಿದ್ದ. ಸುಮ್ಮನಿರುವುದು ಅವನಿಗೆ ಹುಟ್ಟಿನಿಂದ ಬಂದ ವಿದ್ಯೆಯಲ್ಲ.

“ನಮ್ಮ ಶಾಸನದ ಕಲ್ಲಿನ ಕತೆ ಇದ್ಯಲ್ಲ,” ಎಂದು ಶುರುಮಾಡಿದ, “ಆ ರಾಜನದು. ಯುದ್ಧ ಸೋತು ಬಂದ, ಈ ಮೆಟ್ಟಿಲ ಮೇಲೆ ಕಿರೀಟ, ಕತ್ತಿ, ಉತ್ತರೀಯ ಮೂರೂ ಇಟ್ಟ, ನದಿಗೆ ಇಳಿದ, ತಾಯಿ ಮಡಿಲಿಗೆ ತಗೊಂಡ್ಳು. ದಿನಕ್ಕೆ ಹತ್ತು ಸಲ ಹೇಳ್ತೀನಿ, ಜನ ಕಣ್ಣೀರು ಹಾಕ್ಕೋತಾರೆ. ಒಂದಿನ ಗುಂಪು ನೀರಿಗೆ ಇಳಿದ ಮೇಲೆ ನಮ್ಮ ಗಂಟಮ್ಮ ಕರೆದು, ‘ಅಯ್ಯಾ, ಆ ರಾಜ ಚಪ್ಪಲಿ ಬಿಟ್ಟಿದ್ನಾ?’ ಅಂದ್ಲು.”

ಮರದಡಿಯಲ್ಲಿ ಒಂದಿಬ್ಬರು ನಕ್ಕರು. ಹೂವಕ್ಕನೂ ಸೆರಗಿನೊಳಗೇ ನಕ್ಕಳು. “ಹೌದು, ನಾನೂ ಇದ್ದೆ.”

“ನಾನಂದೆ, ಕಲ್ಲಲ್ಲಿ ಕಿರೀಟ ಇದೆ, ಕತ್ತಿ ಇದೆ, ಉತ್ತರೀಯ ಇದೆ. ಚಪ್ಪಲಿ ಬರೆದಿಲ್ಲ ಅಂತ. ಅವಳಂದ್ಲು, ‘ಹಾಗಾದ್ರೆ ನಿಮ್ಮ ರಾಜ ಮುಳುಗಿಲ್ಲ ಕಣಯ್ಯ, ಓಡಿಹೋಗಿದಾನೆ. ನೀರಿಗೆ ಇಳಿಯೋನು ಚಪ್ಪಲಿ ಬಿಟ್ಟೇ ಇಳಿಯೋದು. ದೂರ ನಡೆಯೋನಿಗೆ ಮಾತ್ರ ಚಪ್ಪಲಿ ಬೇಕು.’ ಎಂಟುನೂರು ವರ್ಷದ ಚರಿತ್ರೇನ ಕೂತಲ್ಲೇ ತಿರುವಿ ಹಾಕಿದ್ಲು ಪುಣ್ಯಾತ್ಗಿತ್ತಿ. ಅಮ್ಮಾ ತಾಯಿ, ಇದನ್ನ ಯಾತ್ರಿಕರ ಮುಂದೆ ಹೇಳ್ಬೇಡ, ನನ್ನ ಅನ್ನ ಹೋಗುತ್ತೆ ಅಂದೆ. ‘ನಾನ್ಯಾಕಯ್ಯ ಹೇಳ್ಲಿ, ನಂಬ್ಕೊಂಡು ಕೂತ ಮಗೂಗೆ ಯಾಕೆ ಹೇಳ್ಲಿ’ ಅಂದ್ಲು.”

“ಯಾವಾಗ?” ಎಂದ ಮಗ.

“ಏನು ಯಾವಾಗ?”

“ಅಮ್ಮ ಹೀಗಂದಿದ್ದು.”

“ಆಗ್ಲೇ ಹದಿನೈದು ಹದಿನಾರು ವರ್ಷ ಆಯ್ತೇನೋ. ಯಾಕೆ ಡ್ರೈವರ್ರೇ?”

ಮಗ ಎದ್ದ. ಮರದ ಆಚೆ ಬದಿಗೆ ಹೋಗಿ ಕೂತ. ‘ಚಪ್ಪಲಿ ಎಲ್ಲಿ ಮರಿ?’ ಎಂದು ಅಮ್ಮ ಕೇಳಿದ್ದು ಈಗ ಕೇಳಿದ ಹಾಗೆ ಕಿವಿಯಲ್ಲಿತ್ತು. ತನ್ನ ಕಣ್ಣೆದುರೇ ಯಾರೋ ಕದ್ದರೆಂದು ಇಷ್ಟು ವರ್ಷ ಒಳಗೊಳಗೇ ನಾಚುತ್ತಿದ್ದನಲ್ಲ. ಅದು ಅಪ್ಪನ ಕಾಲಿನಲ್ಲೇ ಇತ್ತು. ಅಮ್ಮನಿಗೆ ಅದು ಆ ಮೊದಲ ಸಂಜೆಯೇ ತಿಳಿದಿತ್ತು.

ಕಂಕುಳಲ್ಲಿದ್ದ ಗಂಟನ್ನು ತೊಡೆಯ ಮೇಲಿಟ್ಟು ಬಿಚ್ಚಿದ. ಅವಳು ಯಾರಿಗೂ ಮುಟ್ಟಲು ಕೊಡದೆ ವರ್ಷಕ್ಕೊಮ್ಮೆ ತಾನೇ ಒಗೆದು, ಒಣಗಿಸಿ, ಕಟ್ಟಿ ಮೊಳೆಗೆ ಹಾಕುತ್ತಿದ್ದ ಗಂಟು. ಮೇಲೆ ನಿಂತುಹೋದ ಕೈಗಡಿಯಾರ. ಆಮೇಲೆ ಅಂಗಿ, ಅದೇ ಮಡಿಕೆ. ಅದರ ಕೆಳಗೆ ಪ್ಯಾಂಟು. ಎಲ್ಲಕ್ಕಿಂತ ಕೆಳಗೆ, ಅವಳು ಯಾವಾಗಲೂ ಚಪ್ಪಲಿ ಇಡುತ್ತಿದ್ದ ಜಾಗದಲ್ಲಿ, ಹಳೆಯ ಬಟ್ಟೆಯ ಒಂದು ಚೂರು. ಬಿಡಿಸಿದರೆ ಒಳಗೆ ಎರಡು ಪುಟ್ಟ ಚಪ್ಪಲಿಗಳು. ಆರು ವರ್ಷದ ಹುಡುಗನ ಅಳತೆ. ಬಕಲ್ ತುಕ್ಕು ಹಿಡಿದಿತ್ತು, ಪಟ್ಟಿಗೆ ಎಣ್ಣೆ ಸವರಿ ಮೆದುವಾಗಿ ಇಡಲಾಗಿತ್ತು.

ಚಪ್ಪಲಿ ಯಾರದೋ ಗಂಟು ಅವರದು.

ಅವನು ಬಾಯಿಗೆ ಕೈ ಅಡ್ಡ ಹಿಡಿದ. ಆದರೂ ತಡೆಯಲಾಗಲಿಲ್ಲ. ಬೆಳಿಗ್ಗೆಯಿಂದ ಒಂದು ಹನಿ ಹಾಕದಿದ್ದ ಮನುಷ್ಯ ಅಂಗಿಯನ್ನೂ ಗಡಿಯಾರವನ್ನೂ ನೆಲಕ್ಕೆ ಬಿಟ್ಟು, ಆ ಎರಡು ಚಪ್ಪಲಿಗಳನ್ನು ಎದೆಗೊತ್ತಿಕೊಂಡು ಮಗುವಿನ ಹಾಗೆ ಅತ್ತ. ತನಗಾಗಿ ಅವಳು ಬಾಯಿ ಬಿಡಲಿಲ್ಲ, ಅವಳಿಗಾಗಿ ತಾನು ಬಿಡಲಿಲ್ಲ. ಹನ್ನೊಂದು ವರ್ಷ ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ, ಇಬ್ಬರೂ ಒಂದೇ ಗುಟ್ಟನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ಕೂತಿದ್ದರು.

*

ಬೆಂಕಿ ಇಳಿದ ಮೇಲೆ ಗುಮಾಸ್ತನೇ ಕೂಗಿದ. “ಆ ಒಂದು ಕಲಂ ಬಾಕಿ ಇದೆ ನೋಡಿ. ಏನು ಬರೀಲಿ?”

ಮಾವ ಮುಂದೆ ಬಂದರು. ಮಗ ಅವರ ತೋಳು ಹಿಡಿದು ನಿಲ್ಲಿಸಿದ.

“ಗಂಡ ಇದ್ದಾರೆ ಅಂತ ಬರೀರಿ.”

“ಲೋ ಅಳಿಯ, ಏನ್ ಮಾತಾಡ್ತಿದೀಯ?”

“ಇದ್ದಾರೆ ಮಾವ. ಬೇರೆ ಊರಲ್ಲಿ ಬೇರೆ ಸಂಸಾರ ಮಾಡ್ಕೊಂಡು ಇದ್ದಾರೆ. ನಾನು ನೋಡಿದೀನಿ. ಅಮ್ಮಂಗೂ ಗೊತ್ತಿತ್ತು. ಅವಳು ಹುಚ್ಚಿ ಅಲ್ಲ.”

ಗುಮಾಸ್ತ ಬರೆದ. ಪೆನ್ನಿನ ಕರಕರ ಸದ್ದು ಎಲ್ಲರಿಗೂ ಕೇಳಿಸಿತು. ಮಾವ ಗೋಡೆ ಹಿಡಿದುಕೊಂಡು ಬಾಗಿಲ ಕಲ್ಲಿನ ಮೇಲೆ ಕೂತರು.

“ಗೊತ್ತಿತ್ತಾ?” ಎಂದರು. “ಗೊತ್ತಿದ್ದೂ ಆ ಕಲ್ಲಿನ ಮೇಲೆ ಕೂತ್ಲಾ? ಹಾಗಾದ್ರೆ ಇಷ್ಟು ವರ್ಷ ಯಾರನ್ನ ಕಾಯ್ತಿದ್ಲೋ?”

“ನನ್ನನ್ನ,” ಎಂದ ಮಗ. “ನಾನು ಏಳ್ಲಿ ಅಂತ.”

ಸುಟ್ಟು ಬಂದವರೆಲ್ಲ ನೀರಿಗಿಳಿದು ಹೋಗಬೇಕು. ಸ್ನಾನದ ಮೆಟ್ಟಿಲಿಗೆ ಬಂದರು. ಶಾಸನದ ಕಲ್ಲಿನ ಪಕ್ಕ ಅಮ್ಮ ಕೂರುತ್ತಿದ್ದ ಜಾಗ ಖಾಲಿ ಇತ್ತು. ಕೂತು ಕೂತು ಆ ಕಲ್ಲು ಅಷ್ಟಗಲ ನುಣುಪಾಗಿತ್ತು. ಮಗ ಪುಟ್ಟ ಚಪ್ಪಲಿಗಳನ್ನು, ಆಗಲೇ ಮುಳುಗಿ ಬಂದಿದ್ದ ಹೆಂಡತಿಯ ಕೈಗೆ ಕೊಟ್ಟು ಮನೆಗೆ ಕಳಿಸಿದ. ಅಂಗಿ, ಪ್ಯಾಂಟು, ಗಡಿಯಾರವನ್ನು ಆ ನುಣುಪು ಕಲ್ಲಿನ ಮೇಲಿಟ್ಟ.

“ಇದನ್ನ ನಾನು ನೋಡ್ಕೊಳ್ಲಾ ತಮ್ಮ?” ಎಂದು ಕೇಳಿದಳು ಹೂವಕ್ಕ.

“ಬೇಡ ಅಕ್ಕ. ನೀನೂ ಮನೆಗೆ ಹೋಗು.”

ತನ್ನ ಚಪ್ಪಲಿ ಕಳಚಿ, ಆ ಬಟ್ಟೆಗೆ ಬೆನ್ನು ಹಾಕಿ, ಒಂದೊಂದೇ ಮೆಟ್ಟಿಲು ಇಳಿದ. ತಿರುಗಿ ನೋಡಲಿಲ್ಲ. ಮುಳುಗಿದ, ಎದ್ದ, ಮತ್ತೆ ಮುಳುಗಿದ. ನೀರು ಕೊರೆಯುತ್ತಿತ್ತು. ಜೊತೆಗೆ ಬಂದವರು ಒಬ್ಬೊಬ್ಬರಾಗಿ ಮೇಲೆ ಹೋಗಿ ಬಟ್ಟೆ ಹಿಂಡಿಕೊಂಡು ಹೊರಟರು. ಕೊನೆಗೆ ಅವನೂ ನಡುಗುತ್ತಾ ಮೇಲೆ ಬಂದ.

ಮೇಲಿನ ಮೆಟ್ಟಿಲಿನಲ್ಲಿ ಅವನ ಚಪ್ಪಲಿ ಅವನು ಬಿಟ್ಟಿದ್ದ ಹಾಗೆಯೇ ನದಿಗೆ ಮುಖಮಾಡಿಕೊಂಡಿತ್ತು. ಯಾರೂ ತಿರುಗಿಸಿಟ್ಟಿರಲಿಲ್ಲ. ಅಭ್ಯಾಸದಂತೆ ಒದ್ದೆ ಕಾಲನ್ನು ಮುಂದೆ ಚಾಚಿದ, ಬೆರಳು ಚಪ್ಪಲಿಯ ಮುಂದಿನ ಅಂಚಿಗೆ ತಗಲಿತು. ಅವನು ನೀರು ತೊಟ್ಟಿಕ್ಕಿಸುತ್ತಾ, ಚಪ್ಪಲಿ ಹಾಕಿಕೊಳ್ಳಲು ನದಿಯ ಕಡೆಗೆ ತಿರುಗಿದ.